ಬೋರ್ಡ್ ಇಲ್ಲದ ಗ್ಯಾರೇಜು, 1964ರ ಡಾರ್ಟು, ಕಾಫಿ ಕಣದ ಅರವತ್ತು ಅಡಿ

ಈ ಗ್ಯಾರೇಜಿನ ಹೆಸರು ಬರೆಯೋಣ ಅಂದರೆ ಅದಕ್ಕೆ ಬೋರ್ಡೇ ಇಲ್ಲ. ಕೊಡಗಿನ ಗೋಣಿಕೊಪ್ಪಲಿನಿಂದ ಪೊನ್ನಂಪೇಟೆ ಕಡೆಗೆ ಹೋಗುವಾಗ ಎರಡು ಮೂರು ಹಳೇ ಜೀಪು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಬಿಚ್ಚಿ ಹಾಕಿದ ಒಂದು ಮೋಟಾರು, ಅದರ ಪಕ್ಕ ಮಲಗಿದ ಒಂದು ಕಂದು ನಾಯಿ ಕಂಡರೆ ಅದೇ ಜಾಗ. ನಾಯಿ ಹಾರ್ನ್ ಹೊಡೆದರೂ ಏಳುವುದಿಲ್ಲ, ಸುತ್ತಿಕೊಂಡು ಹೋಗಬೇಕು. ಮೇಸ್ತ್ರಿಗೆ ಅರವತ್ತು ದಾಟಿದೆ. ಊರಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಅಂತಲೇ ಕರೆಯುವುದು, ನಾನೂ ಹಾಗೇ.

ಐದು ಸ್ಟಾರಿಗೆ ನಾಲ್ಕು ಕೊಡುತ್ತೇನೆ. ಆ ಒಂದು ಯಾಕೆ ಕಳೆದೆ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯಬೇಕಾಯಿತು.

ಕಾರಿನ ಬಗ್ಗೆ ಮೊದಲು. ನಮ್ಮ ಅಜ್ಜ ಕಾಫಿಗೆ ಒಳ್ಳೇ ದುಡ್ಡು ಬಂದ ಒಂದು ವರ್ಷ ಮದ್ರಾಸಿನಿಂದ ಒಂದು ಅಮೆರಿಕನ್ ಕಾರು ತಂದಿದ್ದರು. 1964ರ ಡಾಡ್ಜ್ ಡಾರ್ಟ್. ಡಾಡ್ಜ್ ಅಂದರೆ ನಮ್ಮ ಕಡೆ ಹಳಬರಿಗೆ ಲಾರಿ ನೆನಪಾಗುತ್ತದೆ, ಬಾಂಬೆಯ ಪ್ರೀಮಿಯರ್ ಕಂಪನಿ ಡಾಡ್ಜ್, ಫಾರ್ಗೋ ಲಾರಿಗಳನ್ನು ಜೋಡಿಸಿ ಮಾರುತ್ತಿತ್ತಲ್ಲ. ಇದು ಆ ಥರದ್ದಲ್ಲ. ಅಮೆರಿಕದಿಂದಲೇ ಬಂದದ್ದು, ಸ್ಟಿಯರಿಂಗ್ ಎಡಗಡೆ, ಗೇರ್ ಲಿವರ್ ಅನ್ನೋದೇ ಇಲ್ಲ. ಡ್ಯಾಶ್‌ಬೋರ್ಡಿನ ಎಡ ತುದಿಯಲ್ಲಿ ಬಟನ್‌ಗಳಿವೆ, ರೇಡಿಯೋ ಸ್ಟೇಷನ್ ಬದಲಿಸಿದ ಹಾಗೆ ಒತ್ತಿದರೆ ಗೇರ್ ಬೀಳುತ್ತದೆ. ಡಾಡ್ಜ್ ಮಾಡುವ ಕ್ರೈಸ್ಲರ್ ಕಂಪನಿ ಆ ಬಟನ್ ಗೇರನ್ನು 1964ಕ್ಕೆ ನಿಲ್ಲಿಸಿತು, ಅಂದರೆ ನಮ್ಮದು ಕೊನೇ ವರ್ಷದ್ದು. ಚಿಕ್ಕವನಿದ್ದಾಗ ಅದನ್ನು ಒತ್ತಿ ಆಡಿ ಅಜ್ಜನ ಹತ್ತಿರ ಬೆತ್ತದ ರುಚಿ ನೋಡಿದ್ದೇನೆ.

ಅಮೆರಿಕದವರು ಇದನ್ನು ಕಾಂಪ್ಯಾಕ್ಟ್ ಅನ್ನುತ್ತಾರೆ. ಉದ್ದ ಹೆಚ್ಚುಕಮ್ಮಿ ಐದು ಮೀಟರ್! ನಮ್ಮ ಶೆಡ್ಡಿನ ಬಾಗಿಲು ಹಾಕಲಿಕ್ಕೇ ಆಗುತ್ತಿರಲಿಲ್ಲ. ಆದರೆ ಅಲ್ಲಿನ ಲೆಕ್ಕಕ್ಕೆ ಇದು ಸಣ್ಣದೇ. 1960ರ ಮಾಡೆಲ್ ಆಗಿ ಫೋರ್ಡ್ ಫಾಲ್ಕನ್, ಷೆವರ್ಲೆ ಕಾರ್ವೇರ್, ಕ್ರೈಸ್ಲರ್‌ನ ವೇಲಿಯಂಟ್ ಮೂರೂ ಒಟ್ಟಿಗೆ ಬಂದವು. 1962ಕ್ಕೆ ಷೆವಿ ಟು ಬಂತು. 1963ಕ್ಕೆ ಡಾರ್ಟ್ ಕೂಡ ಆ ಸಾಲಿಗೆ ಸೇರಿತು. ಅಗ್ಗದ, ಹಗುರದ, ಮನೆಮಂದಿಯ ಕಾರುಗಳು. ಹಗುರ ಇದೆ ಅನ್ನೋ ಒಂದೇ ಕಾರಣಕ್ಕೆ ಅಲ್ಲಿನ ಹುಡುಗರು ಇವನ್ನೇ ಹಿಡಿದು, ದೊಡ್ಡ ಎಂಜಿನ್ ತುರುಕಿ, ನಿಂತಲ್ಲಿಂದ ನೇರಕ್ಕೆ ಕಾಲು ಮೈಲಿ ಓಡುವ ಡ್ರ್ಯಾಗ್ ರೇಸ್ ಓಡಿಸಲು ಶುರು ಮಾಡಿದರು. ಡಾಡ್ಜ್ ಕಂಪನಿ ತಾನೇ 1968ರಲ್ಲಿ ಡಾರ್ಟಿಗೆ 426 ಹೆಮಿ ಅನ್ನೋ ದೊಡ್ಡ ರೇಸ್ ಎಂಜಿನ್ ಕೂರಿಸಿ ಮಾರಿತು, ಜೊತೆಗೆ ಇದು ರಸ್ತೆ ಬಳಕೆಗಲ್ಲ ಅಂತ ಒಂದು ಚೀಟಿಯನ್ನೂ ಅಂಟಿಸಿತು.

ನನಗೆ ಬೇಕಿದ್ದದ್ದು ಆ ಚೀಟಿ ಇಲ್ಲದ ಡಾರ್ಟು. ನಂಬರ್ ಪ್ಲೇಟು, ಇನ್ಶೂರೆನ್ಸು, ಎಫ್‌ಸಿ ಎಲ್ಲ ಇರಬೇಕು, ಸಂಜೆ ಮನೆಯವರನ್ನು ಕೂರಿಸಿಕೊಂಡು ಪೇಟೆಗೆ ಹೋಗಿ ಬರುವ ಹಾಗಿರಬೇಕು, ವರ್ಷಕ್ಕೊಂದು ಸಲ ಟ್ರ್ಯಾಕಿಗೆ ತೆಗೆದುಕೊಂಡು ಹೋಗಿ ಆ ಕಾಲು ಮೈಲಿ, ಅಂದರೆ 402 ಮೀಟರ್ ಓಡಿಸಿದರೆ ನಾಚಿಕೆ ಆಗಬಾರದು. ಅಷ್ಟೇ ಆಸೆ.

ಮೈಸೂರಲ್ಲಿ ಒಂದು, ಬೆಂಗಳೂರಲ್ಲಿ ಎರಡು ಕಡೆ ಕೇಳಿದೆ. ಮೂವರೂ ಎಂಜಿನ್ ಬದಲಾಯಿಸೋಣ ಅಂದರು. ಒಬ್ಬರಂತೂ ಕಾರು ನೋಡದೇ, ಫೋನಿನಲ್ಲೇ, ಜಪಾನಿನ ಟರ್ಬೋ ಎಂಜಿನ್ ಇದೆ ಸಾರ್, ಹತ್ತು ಲಕ್ಷ ಇಟ್ಟುಕೊಳ್ಳಿ ಅಂದರು. ಕೊನೆಗೆ ಚಿಕ್ಕಪ್ಪ, ಸುಮ್ನೆ ಊರೂರು ಸುತ್ತಬೇಡ, ನಮ್ಮ ಜೀಪು ನೋಡುವ ಮೇಸ್ತ್ರಿಗೇ ತೋರಿಸು ಅಂದರು.

ಮೇಸ್ತ್ರಿ ಬಾನೆಟ್ ತೆಗೆಯಲೇ ಇಲ್ಲ. ಕಾರಿನ ಸುತ್ತ ಒಂದು ಸಲ ಬಂದರು. ಬ್ರೇಕ್ ಪೆಡಲ್ ಕೈಯಲ್ಲಿ ಒತ್ತಿ ನೋಡಿದರು. “ಇದನ್ನ ಮಾಕುಟ್ಟ ಘಾಟಿ ಇಳಿಸಿದ್ದೀರಾ?” ಅಂದರು. ಇಲ್ಲ ಅಂದೆ. “ಇಳಿಸಬೇಡಿ.”

ಕಾರಣ ಸರಳ. 1964ರ ಈ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಅದೂ ಒಂಬತ್ತು ಇಂಚಿನದು. ಮಾಸ್ಟರ್ ಸಿಲಿಂಡರ್‌ನಲ್ಲಿ ಒಂದೇ ಲೈನು. ಎಲ್ಲಾದರೂ ಒಂದು ಪೈಪು ಸೋರಿದರೆ ನಾಲ್ಕೂ ಹೋಯಿತು. ಅಮೆರಿಕದಲ್ಲೇ 1967ರ ಮಾಡೆಲ್‌ಗಳಿಂದ ಎರಡು ಲೈನಿನದ್ದು ಬಂತು. ಮೇಸ್ತ್ರಿ ಹಾಕಿದ ಷರತ್ತು ಇದು: ಮೊದಲು ಬ್ರೇಕು, ಆಮೇಲೆ ಹಿಂದಿನ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗು), ಎಂಜಿನ್ ಕೊನೆಗೆ. ಒಪ್ಪಿದರೆ ಬಿಟ್ಟು ಹೋಗಿ, ಇಲ್ಲದಿದ್ದರೆ ಕಾಫಿ ಕುಡಿದು ಹೋಗಿ. ನಾನು ಕಾಫಿನೂ ಕುಡಿದೆ, ಕಾರನ್ನೂ ಬಿಟ್ಟೆ. ಅದು ಜನವರಿ. ಮಳೆಗೆ ಮುಂಚೆ ಕೊಡುತ್ತೇನೆ ಅಂದರು. ಯಾವ ವರ್ಷದ ಮಳೆ ಅಂತ ನಾನು ಕೇಳಬೇಕಿತ್ತು.

ಎಂಜಿನ್ ಬದಲಾಯಿಸುವ ಮಾತು ನಾನೂ ಒಮ್ಮೆ ಎತ್ತಿದೆ, ಸುಳ್ಳು ಯಾಕೆ. ಡಾರ್ಟಿಗೆ 1964ರಿಂದ 273 ಕ್ಯೂಬಿಕ್ ಇಂಚಿನ, ಎಂಟು ಸಿಲಿಂಡರಿನ ವಿ8 ಬರುತ್ತಿತ್ತು, ಅದು ಈ ಬಾನೆಟ್ಟಿನೊಳಗೆ ಕೂರುತ್ತದೆ. ಮೇಸ್ತ್ರಿ ಒಳಗೆ ಹೋಗಿ ಒಂದು ಪೆನ್ಸಿಲ್, ಒಂದು ಚೂರು ಪೇಪರ್ ತಂದರು. ಬ್ಲಾಕಿನ ಮೇಲೆ ಗ್ರೀಸ್ ಒರೆಸಿ, ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿದರು. ನಂಬರ್ ಮೂಡಿತು. ಆರ್‌ಸಿ ಪಕ್ಕ ಇಟ್ಟು ತೋರಿಸಿದರು. “ಮಡಿಕೇರಿ ಆರ್‌ಟಿಒದಲ್ಲಿ ಇನ್‌ಸ್ಪೆಕ್ಟರ್ ಸಾಹೇಬ್ರು ಇದನ್ನೇ ಮಾಡೋದು. ಈ ನಂಬರ್ ಇರೋ ಬ್ಲಾಕ್ ಬಿಟ್ಟು ಬೇರೆ ಏನು ಬೇಕಾದರೂ ಮಾತಾಡಿ.”

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದೂ ಅದನ್ನೇ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಗಟ್ಟಿ ಮಾಡಿ ಹೇಳಿತು. ಇನ್ನೊಂದು ದಾರಿ 2021ರಲ್ಲಿ ಬಂದ ವಿಂಟೇಜ್ ನೋಂದಣಿ. ಐವತ್ತು ವರ್ಷ ದಾಟಿದ ಗಾಡಿಗೆ ಇಪ್ಪತ್ತು ಸಾವಿರ ರೂಪಾಯಿ ಫೀಸು, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಅದಕ್ಕೆ ಕಾರು ಮೂಲ ರೂಪದಲ್ಲೇ ಇರಬೇಕು, ದಿನಾ ರಸ್ತೆಯಲ್ಲಿ ಓಡಿಸುವಂತೆಯೂ ಇಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಅಂತ ಹೊರಗೆ ತೆಗೆಯಬಹುದು ಅಷ್ಟೇ. ಹಾಗಾಗಿ ಹಳೇ ನಂಬರಿನಲ್ಲೇ ಉಳಿದು, ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್ ಮಾಡಿಸುವುದು ಅಂತ ತೀರ್ಮಾನ ಆಯಿತು. ನಿಮ್ಮ ಗಾಡಿದು ಏನಾದರೂ ಇದ್ದರೆ ನೀವೇ ಆರ್‌ಟಿಒದಲ್ಲಿ ಕೇಳಿಕೊಳ್ಳಿ, ನನ್ನ ಮಾತು ನಂಬಿ ಕೆಲಸ ಶುರು ಮಾಡಬೇಡಿ.

ಮೈಸೂರು, ಬೆಂಗಳೂರಿನ ಆ ಮೂವರಿಗೂ ಈ ಕಾನೂನು ಗೊತ್ತಿರಲೇಬೇಕು ಅಲ್ವಾ? ಒಬ್ಬರೂ ಬಾಯಿ ಬಿಡಲಿಲ್ಲ. ಮೇಸ್ತ್ರಿಗೆ ಮೊದಲ ಸ್ಟಾರ್ ಇಲ್ಲೇ ಸಿಕ್ಕಿತು.

ಅಂದರೆ ಉಳಿದದ್ದು ಒಳಗಿರುವ ಆರು ಸಿಲಿಂಡರ್ ಎಂಜಿನ್. ಇದಕ್ಕೆ ಸ್ಲ್ಯಾಂಟ್ ಸಿಕ್ಸ್ ಅಂತ ಹೆಸರು. 30 ಡಿಗ್ರಿ ವಾಲಿಕೊಂಡು ಕೂತಿರುತ್ತದೆ, ಮಧ್ಯಾಹ್ನ ಊಟ ಆದಮೇಲೆ ಈಸಿ ಚೇರಿನಲ್ಲಿ ಒರಗಿದ ಹಾಗೆ. ನಮ್ಮದು 225 ಕ್ಯೂಬಿಕ್ ಇಂಚಿನದು, ಅಂದರೆ 3.7 ಲೀಟರು. ಹೊಸದರಲ್ಲಿ ಕಂಪನಿ ಲೆಕ್ಕದಲ್ಲಿ 145 ಹಾರ್ಸ್ ಪವರ್. ಸ್ಟ್ರೋಕು ಬೋರಿಗಿಂತ ತುಂಬಾ ಉದ್ದ, ಹೆಚ್ಚು ಕೂಗಾಡುವ ಎಂಜಿನ್ ಅಲ್ಲ, ಟ್ರ್ಯಾಕ್ಟರ್ ಥರ ಕೆಳಗಿನಿಂದಲೇ ಎಳೆಯುತ್ತದೆ. ಆದರೆ ಇದನ್ನು ಬಡಪಾಯಿ ಅಂದುಕೊಳ್ಳಬೇಡಿ. 1960ರ ಜನವರಿಯಲ್ಲಿ ಡೇಟೋನಾದಲ್ಲಿ ಕಾಂಪ್ಯಾಕ್ಟ್ ಕಾರುಗಳಿಗೇ ಅಂತ ರೇಸ್ ಇಟ್ಟಾಗ, ಇದೇ ಎಂಜಿನ್ನಿನ ಸಣ್ಣ ತಮ್ಮ, 170 ಇಂಚಿನದ್ದು, ಹೈಪರ್ ಪ್ಯಾಕ್ ಅನ್ನೋ ಉದ್ದ ಮ್ಯಾನಿಫೋಲ್ಡ್ ಹಾಕಿಕೊಂಡು ವೇಲಿಯಂಟ್ ಕಾರುಗಳನ್ನು ಮುಂದಿನ ಸ್ಥಾನಗಳಲ್ಲೆಲ್ಲ ಕೂರಿಸಿಬಿಟ್ಟಿತು.

ಹಾಗಾಗಿ ನಮ್ಮ ಮೆನು ಇಷ್ಟು: ಹೆಡ್ ಸ್ವಲ್ಪ ಉಜ್ಜಿ ಕಂಪ್ರೆಷನ್ ಏರಿಸುವುದು, ಪೋರ್ಟ್ ಕ್ಲೀನ್ ಮಾಡುವುದು, ಒಂದು ಕೊಳವೆಯ ಕಾರ್ಬ್ಯುರೇಟರ್ ತೆಗೆದು ಹೋಲಿ ಕಂಪನಿಯ ನಾಲ್ಕು ಕೊಳವೆಯ 390 ಹಾಕುವುದು, ಅದಕ್ಕೆ ಬೇಕಾದ ಮ್ಯಾನಿಫೋಲ್ಡು, ವಾಲ್ವನ್ನು ಸ್ವಲ್ಪ ಜಾಸ್ತಿ ಎತ್ತುವ ಕ್ಯಾಮ್, ಹಿಂದಿನ ಕ್ರೌನ್ ಪಿನಿಯನ್ ಗೇರಿನ ಅನುಪಾತ 3.23 ಇದ್ದದ್ದನ್ನು 3.55 ಮಾಡುವುದು. ಪಕ್ಕದ ಮನೆಯವರು ಎದ್ದು ಬರದ ಹಾಗೆ ಸೈಲೆನ್ಸರ್ ಇರಲೇಬೇಕು. ಕಂಪ್ರೆಷನ್ ಒಂಬತ್ತೂಕಾಲಿನ ಹತ್ತಿರ ನಿಲ್ಲಿಸಿದರು. ಗೋಣಿಕೊಪ್ಪಲಿನ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲೇ ಓಡಬೇಕಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇದೆ, ಹಳೇ ರಬ್ಬರ್ ಪೈಪುಗಳೆಲ್ಲ ಉಬ್ಬಿ ಮೆತ್ತಗಾಗುತ್ತವೆ, ಅದನ್ನು ಟ್ಯಾಂಕಿನಿಂದ ಪಂಪಿನವರೆಗೆ ಪೂರ್ತಿ ಬದಲಾಯಿಸಿದರು. ಇದು ನಾನು ಹೇಳದೇ ಅವರೇ ಮಾಡಿದ ಕೆಲಸ.

ಈಗ ದೂರಿನ ಭಾಗ. ಸಾಮಾನು ಅಮೆರಿಕದಿಂದ ಬರಬೇಕಿತ್ತು. ತರಿಸಿಕೊಡುವ ಏಜೆಂಟ್ ಒಬ್ಬರು, ಹೆಸರು ಬೇಡ, ಆರು ವಾರ ಅಂದವರು ಐದು ತಿಂಗಳು ಮಾಡಿದರು. ಡಬ್ಬ ತೆಗೆದರೆ ಮ್ಯಾನಿಫೋಲ್ಡ್ ಇದೆ, ಗ್ಯಾಸ್ಕೆಟ್ ಇಲ್ಲ. ಅದು ಮೇಸ್ತ್ರಿ ತಪ್ಪಲ್ಲ. ಆದರೆ ಆ ಐದು ತಿಂಗಳಲ್ಲಿ ಮಾಡಬಹುದಾಗಿದ್ದ ಬ್ರೇಕ್ ಕೆಲಸವನ್ನೂ ಮುಟ್ಟಿರಲಿಲ್ಲ, ಅದು ಅವರದ್ದೇ ತಪ್ಪು. ಹೋದಾಗಲೆಲ್ಲ ನನ್ನ ಕಾರಿನ ಮೇಲೆ ಯಾರದೋ ಜೀಪಿನ ಸೀಟು. ಆಗಸ್ಟಿನಲ್ಲಿ ಹೋದರೆ ಮಳೆ, ಕರೆಂಟ್ ಇಲ್ಲ. ಸೆಪ್ಟೆಂಬರ್ ಮೊದಲ ವಾರ ಕೊಡವರ ಕೈಲ್‌ಪೊಳ್ದ್ ಹಬ್ಬದ ರಜೆ. ಆಮೇಲೆ ದಸರಾ. ಆಯುಧಪೂಜೆಗೆ ಊರಿನ ಗಾಡಿಗಳೆಲ್ಲ ಅಲ್ಲೇ ಸರ್ವಿಸಿಗೆ ಬಂದವು, ನನ್ನ ಡಾರ್ಟಿಗೂ ಒಂದು ಮಾರು ಚೆಂಡುಹೂವಿನ ಹಾರ ಬಿತ್ತು, ಎಂಜಿನ್ನೇ ಇಲ್ಲದ ಕಾರಿಗೆ. ಫೋನ್ ಎತ್ತುವುದಿಲ್ಲ. ಎತ್ತಿದರೆ “ಆಗ್ತಾ ಇದೆ” ಅನ್ನುತ್ತಾರೆ. ಏನು ಆಗ್ತಾ ಇದೆ ಅಂತ ಕೇಳಿದರೆ ಫೋನ್ ಕಟ್ಟಾಗುತ್ತದೆ. ನಮ್ಮ ಕಡೆ ನೆಟ್‌ವರ್ಕ್ ಹೇಗೂ ಹಾಗೇ, ಅದು ಅವರಿಗೆ ತುಂಬ ಅನುಕೂಲ.

ಇನ್ನೊಂದು ಎಡವಟ್ಟು. ಟಯರ್ ಬಿಚ್ಚಲಿಕ್ಕೆ ಗ್ಯಾರೇಜಿನ ಹುಡುಗನಿಗೆ ಹೇಳಿದ್ದರು. ಬಲಗಡೆ ಎರಡು ಚಕ್ರ ಸಲೀಸಾಗಿ ಬಂದವು. ಎಡಗಡೆ ನಟ್ಟು ಜಗ್ಗಲಿಲ್ಲ. ಹುಡುಗ ಪೈಪು ಹಾಕಿ ಎಳೆದ. ಟಕ್ ಅಂತ ಸ್ಟಡ್ಡೇ ಮುರಿಯಿತು. ಇನ್ನೊಂದಕ್ಕೆ ಹಾಕಿದ, ಅದೂ ಟಕ್. ಆ ಕಾಲದ ಕ್ರೈಸ್ಲರ್ ಕಾರುಗಳಲ್ಲಿ ಎಡಗಡೆ ಚಕ್ರದ ನಟ್ಟಿಗೆ ಉಲ್ಟಾ ಮರೆ (ಥ್ರೆಡ್)! ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಸ್ಟಡ್ಡಿನ ತುದಿಯಲ್ಲಿ ‘ಎಲ್’ ಅಂತ ಸಣ್ಣ ಅಕ್ಷರ ಇರುತ್ತದೆ, ಅರವತ್ತು ವರ್ಷದ ತುಕ್ಕಿನಲ್ಲಿ ಯಾರಿಗೆ ಕಾಣಬೇಕು. ನಾನೂ ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ. ಮೇಸ್ತ್ರಿ ಹುಡುಗನಿಗೆ ಬೈಯಲಿಲ್ಲ. ಲೇತಿನಲ್ಲಿ ಹೊಸ ಸ್ಟಡ್ ಮಾಡಿಸಿ ಹಾಕಿದರು, ಅದಕ್ಕೆ ದುಡ್ಡೂ ತೆಗೆದುಕೊಳ್ಳಲಿಲ್ಲ. ಈಗ ಎಡಗಡೆ ಬಂಪರಿನ ಒಳಗೆ ಕೆಂಪು ಪೇಂಟಿನಲ್ಲಿ ‘ಉಲ್ಟಾ’ ಅಂತ ಬರೆದಿದ್ದಾರೆ. ಅಂದ ಹಾಗೆ ಅಲಾಯ್ ವೀಲ್ ಹಾಕುವ ಆಸೆ ಇದ್ದವರು ಇಲ್ಲೇ ಬಿಟ್ಟುಬಿಡಿ. ಈ ಕಾರಿನ ಐದು ಸ್ಟಡ್ಡುಗಳ ವೃತ್ತ ನಾಲ್ಕು ಇಂಚಿನದು, ಅಂದರೆ 101.6 ಮಿ.ಮೀ. ಅಂಗಡಿಯಲ್ಲಿ ಸಿಗುವುದು 100 ಅಥವಾ 114.3. ಎರಡೂ ಕೂರುವುದಿಲ್ಲ. ಕಂಪನಿ ರಿಮ್ಮನ್ನೇ ಉಳಿಸಿಕೊಂಡು 13 ಇಂಚಿನ ಸಾಮಾನ್ಯ ರೇಡಿಯಲ್ ಟಯರ್ ಹಾಕಿದೆವು.

ಅಂತೂ ಎಂಜಿನ್ ಕೂತು ಕಾರು ಓಡಿದ್ದು ಮುಂದಿನ ಮಾರ್ಚಿನಲ್ಲಿ. ಹದಿನಾಲ್ಕು ತಿಂಗಳು. ಮೊದಲ ದಿನ ಎಂಜಿನ್ ಬಿಸಿ ಮಾಡಿ, ಓಡುತ್ತಿರುವಾಗಲೇ ವಾಲ್ವ್ ಕವರ್ ತೆಗೆದು ಕ್ಲಿಯರೆನ್ಸ್ ಇಟ್ಟರು. ಇನ್‌ಲೆಟ್ಟಿಗೆ 10 ಥೌ, ಎಕ್ಸಾಸ್ಟಿಗೆ 20 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ). ಹನ್ನೆರಡು ರಾಕರುಗಳು ಎದುರಿಗೇ ಕುಣಿಯುತ್ತಿವೆ, ಬಿಸಿ ಆಯಿಲ್ ಹನಿ ಹನಿ ಅಂಗಿಗೆ ಸಿಡಿಯುತ್ತಿದೆ, ಇವರು ಫೀಲರ್ ಗೇಜ್ ತೂರಿಸಿ, ಕಣ್ಣು ಮುಚ್ಚಿ, ಸ್ಪ್ಯಾನರ್ ಚೂರು ಚೂರು ತಿರುಗಿಸುತ್ತಿದ್ದಾರೆ. ಒಂದೊಂದಾಗಿ ಟಿಕ್ ಟಿಕ್ ಶಬ್ದ ಒಂದೇ ಸಮ ಆಯಿತು. ಇಪ್ಪತ್ತು ನಿಮಿಷ. ನಾನು ವಿಡಿಯೋ ಮಾಡುವುದನ್ನೇ ಮರೆತೆ.

ಈಗ ಇದನ್ನು ಎಲ್ಲಿ ಓಡಿಸಿ ನೋಡುವುದು? ಕೊಡಗಿನಲ್ಲಿ 402 ಮೀಟರ್ ನೇರ, ಸಮತಟ್ಟು ರಸ್ತೆ ಇದ್ದರೆ ನನಗೂ ತೋರಿಸಿ. ಇದ್ದರೂ ಅದರಲ್ಲಿ ದನ ಇರುತ್ತದೆ, ತಿತಿಮತಿ ಕಡೆ ಆದರೆ ಆನೆ. ರಸ್ತೆಯಲ್ಲಿ ರೇಸ್ ಮಾಡಿದರೆ 189ನೇ ಸೆಕ್ಷನ್ ಪ್ರಕಾರ ಮೊದಲ ಸಲವೇ ಐದು ಸಾವಿರದವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೇಸ್ತ್ರಿ ಕೇಳಿದರು, ನಿಮ್ಮ ಕಾಫಿ ಒಣಗಿಸುವ ಕಣ ಎಷ್ಟು ಉದ್ದ ಅಂತ.

ಇದು ನನಗೆ ಹೊಳೆದೇ ಇರಲಿಲ್ಲ. ಮಾರ್ಚಿಗೆ ಕಾಫಿ ಎಲ್ಲ ಎತ್ತಿ ಕಣ ಖಾಲಿ. ಸಿಮೆಂಟ್ ನೆಲ, ಒಂದು ಬದಿಯಿಂದ ಇನ್ನೊಂದಕ್ಕೆ ಎಪ್ಪತ್ತು ಮೀಟರು. ಡ್ರ್ಯಾಗಿನಲ್ಲಿ ಮೊದಲ ಟೈಮಿಂಗ್ ಪಾಯಿಂಟೇ 60 ಅಡಿಗೆ ಇರುವುದು, ಅಂದರೆ 18.3 ಮೀಟರ್. ಆ 60 ಅಡಿಯಲ್ಲಿ ಒಂದು ಹತ್ತನೇ ಸೆಕೆಂಡ್ ಉಳಿಸಿದರೆ ಕೊನೆಯಲ್ಲಿ ಹೆಚ್ಚುಕಮ್ಮಿ ಎರಡು ಹತ್ತನೇ ಉಳಿಯುತ್ತದೆ ಅಂತ ಓಡಿಸುವವರ ಲೆಕ್ಕ. 402 ಮೀಟರ್ ನಮ್ಮಲ್ಲಿ ಇಲ್ಲ, 60 ಅಡಿ ಇದೆ. ಓಡಿ, ನಿಲ್ಲಿಸಲಿಕ್ಕೆ ಐವತ್ತು ಮೀಟರ್ ಮಿಗುತ್ತದೆ. ಬ್ರೇಕ್ ಮೊದಲು ಮಾಡಿಸಿದ್ದು ಯಾಕೆ ಅಂತ ಆಗ ಗೊತ್ತಾಯಿತು.

ಕಣ ಚೆನ್ನಾಗಿ ಗುಡಿಸಿ, ಸುಣ್ಣದಲ್ಲಿ ಎರಡು ಗೆರೆ ಎಳೆದೆವು. ನನ್ನ ತಂಗಿಯ ಮಗ ಫೋನ್ ಹಿಡಿದು ಸ್ಲೋ ಮೋಷನ್‌ನಲ್ಲಿ ತೆಗೆಯುವುದು, ಸೆಕೆಂಡಿಗೆ 240 ಫ್ರೇಮ್. ಚಕ್ರ ಅಲ್ಲಾಡಿದ ಫ್ರೇಮಿನಿಂದ ಎರಡನೇ ಗೆರೆ ಮುಟ್ಟುವ ಫ್ರೇಮಿನವರೆಗೆ ಎಣಿಸಿ ಭಾಗಿಸುವುದು. ಡ್ರ್ಯಾಗಿನಲ್ಲೂ ಟೈಮ್ ಶುರುವಾಗುವುದು ಕಾರು ಕದಲಿದಾಗಲೇ, ಹಸಿರು ದೀಪ ಬಂದಾಗ ಅಲ್ಲ, ಹಾಗಾಗಿ ನಮ್ಮ ಲೆಕ್ಕ ತೀರಾ ಹಳ್ಳಿ ಲೆಕ್ಕವೇನಲ್ಲ.

ಮೊದಲ ಓಟ 2.87 ಸೆಕೆಂಡು. ಕಣದ ಮೇಲೆ ಒಂದೇ ಒಂದು ಕಪ್ಪು ಗೆರೆ, ಬಲಗಡೆ. ಎಡಗಡೆ ಚಕ್ರ ಏನೂ ಮಾಡಿಲ್ಲ. ಎರಡನೇ ಓಟದಲ್ಲಿ ಹಿಂದಿನ ಆಕ್ಸಲ್ ಕುಪ್ಪಳಿಸಲು ಶುರು ಮಾಡಿತು, ಡಡಡಡ ಅಂತ, ಹಲ್ಲೆಲ್ಲ ಅಲ್ಲಾಡುವ ಹಾಗೆ. ಮೇಸ್ತ್ರಿ ಮುಖ ಸಣ್ಣದಾಯಿತು. ಯಾಕೆಂದರೆ ಕಮಾನ್ ಪಟ್ಟಿ ಅವರದೇ ಕೈಕೆಲಸ. ಜೀಪಿಗೆ ಮಾಡುವ ಹಾಗೆ ಇಡೀ ಪಟ್ಟಿಯನ್ನು ಗಟ್ಟಿ ಮಾಡಿ, ಹಿಂದೆ ಮುಂದೆ ಎರಡೂ ಕಡೆ ಕ್ಲಿಪ್ ಬಿಗಿದಿದ್ದರು. ಭಾರ ಹೊರುವುದಕ್ಕೆ ಅದು ಸರಿ. ಇಲ್ಲಿ ಭಾರ ಎಲ್ಲಿದೆ?

ಅವರು ಜಗಳ ಆಡಲಿಲ್ಲ, ಸಮಜಾಯಿಷಿ ಕೊಡಲಿಲ್ಲ. ಪಟ್ಟಿಯ ಮೇಲೆ ಸೀಮೆಸುಣ್ಣದಲ್ಲಿ ಅಡ್ಡ ಗೆರೆಗಳನ್ನು ಎಳೆದು, ಫೋನನ್ನು ಚಕ್ರದ ಹಿಂದೆ ನೆಲದಲ್ಲಿ ಇಡಿಸಿ ಮತ್ತೆ ಓಡಿಸಲು ಹೇಳಿದರು. ಆಮೇಲೆ ಕಾಫಿ ಕುಡಿಯುತ್ತಾ ಆ ವಿಡಿಯೋವನ್ನು ಹತ್ತು ಹದಿನೈದು ಸಲ ನೋಡಿದರು. ಸ್ಲೋ ಮೋಷನ್‌ನಲ್ಲಿ ಎಲ್ಲಾ ಕಾಣುತ್ತದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಆಕ್ಸಲ್ ತಿರುಚಿಕೊಳ್ಳುತ್ತದೆ, ಪಟ್ಟಿ ಎಸ್ ಆಕಾರಕ್ಕೆ ಬಗ್ಗುತ್ತದೆ, ತಡೆಯಲಾಗದೆ ಹಿಂದಕ್ಕೆ ಚಿಮ್ಮುತ್ತದೆ. ಅದೇ ಆ ಡಡಡಡ. ಕ್ರೈಸ್ಲರ್‌ನವರು ಆಕ್ಸಲನ್ನು ಪಟ್ಟಿಯ ನಟ್ಟನಡುವೆ ಕೂರಿಸಿಲ್ಲ, ಸ್ವಲ್ಪ ಮುಂದಕ್ಕೆ ಕೂರಿಸಿದ್ದಾರೆ. ಮುಂದಿನ ತುಂಡು ಗಿಡ್ಡ, ಹಿಂದಿನದು ಉದ್ದ. ಆ ಗಿಡ್ಡ ತುಂಡೇ ತಿರುಚುವುದನ್ನು ತಡೆಯುವ ಕೈ. ಅದನ್ನು ಬಿಗಿ ಮಾಡಬೇಕು, ಹಿಂದಿನದ್ದನ್ನು ಬಿಟ್ಟುಬಿಡಬೇಕು. ಅಮೆರಿಕದ ಡ್ರ್ಯಾಗಿನವರು ಬಹಳ ವರ್ಷದಿಂದ ಇದನ್ನೇ ಮಾಡುವುದು. ಮೇಸ್ತ್ರಿಗೆ ಅದನ್ನು ಹೇಳಿಕೊಟ್ಟದ್ದು ಸೀಮೆಸುಣ್ಣ.

ಬಲಗಡೆಯ ಒಂದೇ ಗೆರೆಗೂ ಕಾರಣ ಇದೆ. ಪ್ರೊಪೆಲ್ಲರ್ ಶಾಫ್ಟ್ ತಿರುಗುವ ರಭಸಕ್ಕೆ ಆಕ್ಸಲಿನ ಬಲಗಡೆ ಮೇಲಕ್ಕೆ ಏಳಲು ನೋಡುತ್ತದೆ. ಆ ಚಕ್ರದ ಮೇಲೆ ಭಾರ ಕಡಿಮೆ ಆಗುತ್ತದೆ. ನಮ್ಮದು ಸಾದಾ ಡಿಫರೆನ್ಷಿಯಲ್ಲು, ಹಗುರ ಆದ ಚಕ್ರಕ್ಕೇ ತಿರುಗಲು ಬಿಡುತ್ತದೆ. ಹಾಗಾಗಿ ಬಲಗಡೆ ಪಟ್ಟಿಗೆ ಮುಂದಿನ ಅರ್ಧದಲ್ಲಿ ಒಂದು ಎಲೆ ಜಾಸ್ತಿ ಕೊಟ್ಟರು. ಕ್ರೈಸ್ಲರ್‌ನ ಡ್ರ್ಯಾಗ್ ಪಟ್ಟಿಗಳೂ ಹಾಗೇ, ಎಡಕ್ಕೊಂದು ಥರ, ಬಲಕ್ಕೊಂದು ಥರ. ನಿಂತಾಗ ಕಾರು ಬಲಗಡೆ ಒಂದು ಬೆರಳು ಎತ್ತರ ಕಾಣುತ್ತದೆ. ನೋಡಿದವರೆಲ್ಲ ಪಟ್ಟಿ ಮುರಿದಿದೆಯಾ ಅಂತ ಕೇಳುತ್ತಾರೆ. ಹೌದು ಅಂದುಬಿಡುತ್ತೇನೆ.

ಮುಂದಿನ ಭಾನುವಾರ 2.46. ಎರಡು ಗೆರೆ. ಎಡಗಡೆದು ಸ್ವಲ್ಪ ಮಸುಕು, ಆದರೂ ಎರಡು. ಮೇಸ್ತ್ರಿ ಏನೂ ಅನ್ನಲಿಲ್ಲ, ಚಪ್ಪಲಿಯ ತುದಿಯಲ್ಲಿ ಆ ಎರಡನೇ ಗೆರೆಯನ್ನು ಒಮ್ಮೆ ಉಜ್ಜಿ ನೋಡಿದರು. ನಮ್ಮ ತೋಟದ ಲೆಕ್ಕ ನೋಡುವ ರೈಟರ್ ಮಾತ್ರ ಮುಂದಿನ ವರ್ಷ ಚೆರ‍್ರಿ ಕಾಫಿಯಲ್ಲಿ ರಬ್ಬರ್ ವಾಸನೆ ಬಂದರೆ ನನ್ನನ್ನು ಕೇಳಬೇಡಿ ಅಂದ.

ಇಲ್ಲಿಂದ ಕಸಿನ್ ಒಬ್ಬನಿಗೆ ಹುರುಪು ಜಾಸ್ತಿ ಆಯಿತು. ಕಾರು ಮಗುಚಿದರೆ ಕಾಪಾಡುವ ಪೈಪಿನ ರೋಲ್ ಕೇಜ್ ಒಳಗೆ ಹಾಕಿಸು, ಗೆರೆಯಿಲ್ಲದ ಸ್ಲಿಕ್ ಟಯರ್ ಹಾಕಿಸು ಅಂತ. ಅಮೆರಿಕದಲ್ಲಿ ಡ್ರ್ಯಾಗ್ ನಡೆಸುವ, 1951ರಲ್ಲಿ ಹುಟ್ಟಿದ ಎನ್‌ಎಚ್‌ಆರ್‌ಎ ಸಂಸ್ಥೆಯ ನಿಯಮದಲ್ಲೂ ನಮ್ಮಂಥ ಹಳೇ ಕಾರಿಗೆ ರೋಲ್ ಬಾರ್ ಕಡ್ಡಾಯ ಆಗುವುದು ಕಾಲು ಮೈಲಿ 11.49 ಸೆಕೆಂಡಿಗೆ ಬಂದಾಗ. ನಾವು ಅದರ ನೆರಳಿಗೂ ಹೋಗುವುದಿಲ್ಲ. ಸ್ಲಿಕ್ ಹಾಕಿದರೆ ಇನ್ನೂ ಅಪಾಯ. ಈ ಕಾರಿನ ಹಿಂದಿನ ಆಕ್ಸಲ್ಲು 7¼ ಇಂಚಿನ ಸಣ್ಣದು. ಟಯರ್ ಜಾರದಿದ್ದರೆ ಮುರಿಯುವುದು ಅದೇ. ಈಗ ಟಯರ್ ಜಾರುತ್ತಿರುವುದೇ ನಮ್ಮ ಫ್ಯೂಸು.

ಮೇ ತಿಂಗಳಲ್ಲಿ ಚೆನ್ನೈ ಕಡೆ ಒಂದು ಟ್ರ್ಯಾಕಿನಲ್ಲಿ ಓಡಿಸಲು ಅವಕಾಶ ಸಿಕ್ಕಿತು. ಕಾರನ್ನು ಲಾರಿಯಲ್ಲಿ ಕಳಿಸದೆ ಓಡಿಸಿಕೊಂಡೇ ಹೋದೆವು, ಹುಣಸೂರು, ಮೈಸೂರು ದಾಟಿ. ಮೇಸ್ತ್ರಿ ಪಕ್ಕದ ಸೀಟಿನಲ್ಲಿ, ಕಾಲಡಿಯಲ್ಲಿ ಟಿಫಿನ್ ಡಬ್ಬ. ಅದರಲ್ಲಿ ಊಟ ಇರಲಿಲ್ಲ, ಕಾರ್ಬ್ಯುರೇಟರಿಗೆ ಪೆಟ್ರೋಲು ಅಳೆದು ಬಿಡುವ ಸಣ್ಣ ತೂತಿನ ಜೆಟ್‌ಗಳಿದ್ದವು. ಗೋಣಿಕೊಪ್ಪಲು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರ. ಗಾಳಿ ತೆಳು, ಎಂಜಿನ್ ಶಕ್ತಿ ಎಂಟು ಒಂಬತ್ತು ಪರ್ಸೆಂಟ್ ಕಡಿಮೆಯೇ. ಅದಕ್ಕೆ ತಕ್ಕಂತೆ ಸಣ್ಣ ಜೆಟ್ ಹಾಕಿದ್ದರು. ಕೆಳಗೆ ಇಳಿದರೆ ಗಾಳಿ ದಪ್ಪ, ಅದೇ ಜೆಟ್ಟಿಗೆ ಪೆಟ್ರೋಲು ಸಾಲುವುದಿಲ್ಲ. ಇದೆಲ್ಲ ಗೊತ್ತಿದ್ದೂ ಮೊದಲ ಓಟಕ್ಕೆ ಮುಂಚೆ ಬದಲಾಯಿಸಲು ಮರೆತರು! ಸೆಕೆಯಲ್ಲಿ, ಗಲಾಟೆಯಲ್ಲಿ. 16.71 ಸೆಕೆಂಡ್ ಬಂತು, ಕೊನೆಯಲ್ಲಿ ಎಂಜಿನ್ ಕಟಕಟ ಅಂತು. ಪ್ಲಗ್ ಬಿಚ್ಚಿದರೆ ಸುಣ್ಣದ ಹಾಗೆ ಬಿಳಿ. ಇನ್ನೆರಡು ಓಟ ಹಾಗೇ ಓಡಿಸಿದ್ದರೆ ಪಿಸ್ಟನ್ ತೂತಾಗುತ್ತಿತ್ತು. ಜೆಟ್ ಎರಡು ನಂಬರ್ ದೊಡ್ಡದು ಹಾಕಿದರು. 15.94. ಪ್ಲಗ್ ಕಾಫಿ ಡಿಕಾಕ್ಷನ್ ಹಾಲು ಬೆರೆಸಿದ ಬಣ್ಣ.

15.94 ದೊಡ್ಡ ವಿಷಯವಲ್ಲ, ಗೊತ್ತು. ಈಗಿನ ಕಂಪನಿ ಕಾರುಗಳಲ್ಲಿ ಎಸಿ ಹಾಕಿಕೊಂಡು ಹಾಡು ಕೇಳುತ್ತಾ ಇದಕ್ಕಿಂತ ಬೇಗ ಹೋಗುವಂಥವು ಬೇಕಾದಷ್ಟಿವೆ. ಪಕ್ಕದ ಲೇನಿನಲ್ಲಿದ್ದ ಹುಡುಗ ಹೋಗಿಯೂ ಬಿಟ್ಟ. ಆದರೆ ಅವನು ವಾಪಸ್ ಬಂದು ಬಟನ್ ಗೇರ್ ಒತ್ತಿ ನೋಡಬಹುದಾ ಅಂಕಲ್ ಅಂತ ಕೇಳಿದ.

ಬಿಲ್ಲಿನ ಬಗ್ಗೆ ಕೇಳುತ್ತೀರಿ, ಗೊತ್ತು. ಪ್ರಿಂಟೆಡ್ ಬಿಲ್ ಇಲ್ಲ, ಕಾಫಿ ಕ್ಯೂರಿಂಗ್‌ನವರ ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದು ಕೊಟ್ಟರು. ಕೂಲಿ 92,000. ಹೆಡ್ಡು, ಲೇತು 38,000. ಪಟ್ಟಿಗೆ 11,500. ಅಮೆರಿಕದ ಸಾಮಾನು, ಸಾಗಣೆ, ಸುಂಕ ಸೇರಿ 1,78,000, ಅದು ನಾನೇ ನೇರ ಕಟ್ಟಿದ್ದು. ಟಯರು, ಬ್ಯಾಟರಿ, ಚಿಲ್ಲರೆ 27,000. ಒಟ್ಟು 3,46,500. ಟರ್ಬೋದವರ ಹತ್ತು ಲಕ್ಷದ ಪಕ್ಕ ಇಟ್ಟು ನೋಡಿ. ಕೂಲಿ ಜಾಸ್ತಿ ಅಂತ ನನಗೆ ಅನ್ನಿಸಲಿಲ್ಲ, ರಸೀದಿ ಇಲ್ಲದ್ದು ಮಾತ್ರ ತಲೆನೋವು.

ಸೈಲೆನ್ಸರ್ ಸದ್ದು ಚೆನ್ನಾಗಿದೆ. ಎಮಿಷನ್ ಟೆಸ್ಟು ಎರಡನೇ ಸಲಕ್ಕೆ ಪಾಸ್ ಆಯಿತು. ಇಷ್ಟು ಹಳೇ ಪೆಟ್ರೋಲ್ ಕಾರಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಮೂರು ಪರ್ಸೆಂಟ್ ಒಳಗೆ ಇದ್ದರೆ ಸಾಕು, ಮೊದಲ ಸಲ ಮಿಕ್ಸ್ಚರ್ ಸ್ಕ್ರೂ ಜಾಸ್ತಿ ಬಿಟ್ಟಿದ್ದರು. ಬಲಗಡೆ ಹಿಂದಿನ ಬಾಗಿಲಿಗೆ ಜೀಪಿನ ಸೀಟು ಉಜ್ಜಿ ಆದ ಗೀರು ಇನ್ನೂ ಹಾಗೇ ಇದೆ, ಸರಿ ಮಾಡುತ್ತೇನೆ ಅಂದವರು ಮಾಡಿಲ್ಲ. ಕಳೆದ ಒಂದು ಸ್ಟಾರಿನಲ್ಲಿ ಅರ್ಧ ಆ ಗೀರಿಗೆ, ಅರ್ಧ ಫೋನ್ ಎತ್ತದ್ದಕ್ಕೆ. ಹದಿನಾಲ್ಕು ತಿಂಗಳಿಗೆ ಕಳೆಯೋಣ ಅಂದುಕೊಂಡೆ, ಆದರೆ ಕಣ ಖಾಲಿ ಆಗುವುದು ಹೇಗೂ ಮಾರ್ಚಿಗೇ.

ಹೋಗುವವರಿಗೆ: ಬೆಳಿಗ್ಗೆ ಹತ್ತರ ಒಳಗೆ ಹೋಗಿ, ಆಮೇಲೆ ಅವರು ಯಾರದೋ ತೋಟದಲ್ಲಿ ಸ್ಪ್ರೇ ಪಂಪ್ ರಿಪೇರಿಗೆ ಹೋಗಿರುತ್ತಾರೆ. ದಸರಾ ಮುಂಚಿನ ಎರಡು ವಾರ ಆ ಕಡೆ ತಲೆ ಹಾಕಬೇಡಿ. ಆರ್‌ಸಿ ಜೊತೆಗೆ ತೆಗೆದುಕೊಂಡು ಹೋಗಿ, ಅದನ್ನು ನೋಡದೆ ಬಾನೆಟ್ ಮುಟ್ಟುವುದಿಲ್ಲ. ನನ್ನ ಕಾರು ಈಗ ಮತ್ತೆ ಅಲ್ಲೇ ಇದೆ, ಬ್ರೇಕ್ ಒತ್ತಿದಾಗ ಸ್ವಲ್ಪ ಎಡಕ್ಕೆ ಎಳೆಯುತ್ತಿದೆ ಅಂತ ಹೋದ ಸೋಮವಾರ ಬಿಟ್ಟು ಬಂದೆ. ಎರಡು ದಿನ ಅಂದಿದ್ದಾರೆ. ನಿನ್ನೆ ಹೋಗಿ ನೋಡಿದರೆ ನಾಯಿ ಜಾಗ ಬದಲಾಯಿಸಿ ನನ್ನ ಕಾರಿನ ಅಡಿಯಲ್ಲಿ ಮಲಗಿತ್ತು.